ಬಹಳ ದಿನ ಬಂದ್ ಇದ್ದ ಅಂಗಡಿ ತೆರೆದಾಗ ಮೇಲೆ ಎಷ್ಟು ಕೊಡಬೇಕು, ಯಾರ ಕೈಗೆ ಕೊಡಬೇಕು?

ಬಹಳ ದಿನ ಬಾಗಿಲು ಹಾಕಿದ್ದ ಕಟಿಂಗ್ ಅಂಗಡಿ, ಖಾನಾವಳಿ, ಚಹಾದಂಗಡಿ ಮತ್ತೆ ತೆರೆದಾಗ ಅಲ್ಲಿ ದುಡಿಯುವವರ ಕೈಗೆ ಬಿಲ್ಲಿನ ಮೇಲೆ ಏನಾದರೂ ಕೊಡಬೇಕಾ? ಕೊಟ್ಟರೆ ಎಷ್ಟು? ಫೋನ್‌ಪೇ ಮಾಡಿದರೆ ಅದು ಕೆಲಸದ ಹುಡುಗನಿಗೆ ಮುಟ್ಟುತ್ತದೋ, ಮಾಲಕರ ಖಾತೆಗೆ ಹೋಗುತ್ತದೋ? ಕೊರೊನಾ ಲಾಕ್‌ಡೌನ್ ಸಡಿಲ ಆದಾಗ ನಮ್ಮ ತಾಲೂಕುಗಳಲ್ಲಿ ಹುಟ್ಟಿದ ಪ್ರಶ್ನೆಗಳಿವು. ಹಾಗಂತ ಅಲ್ಲಿಗೇ ಮುಗಿದಿಲ್ಲ. ರಸ್ತೆ ಅಗಲೀಕರಣಕ್ಕೆ ಅಂಗಡಿ ಮುಂದೆ ತೆಗ್ಗು ತೋಡಿದಾಗ, ಮಾಲಕರು ಆಸ್ಪತ್ರೆ ಸೇರಿದಾಗ, ಕಟ್ಟಡ ರಿಪೇರಿಗೆ ಬಂದಾಗ ಈಗಲೂ ಶಟರ್ ತಿಂಗಳುಗಟ್ಟಲೆ ಇಳಿದೇ ಇರುತ್ತದೆ. ಆಗಿನ ಅನುಭವ, ಇರುವ ಕಾನೂನು, ನಮ್ಮ ಕಡೆಯ ರೂಢಿ ಮೂರನ್ನೂ ಒಂದು ಕಡೆ ಇಟ್ಟು ಬರೆದದ್ದು ಇದು. ಬೇಕಾದಾಗ ತೆಗೆದು ನೋಡಿಕೊಳ್ಳಬಹುದು.

ಮೊದಲೇ ಹೇಳಿಬಿಡ್ತೀನಿ. ಟಿಪ್ಸ್ ಕೊಡಲೇಬೇಕು ಅಂತ ನಮ್ಮ ದೇಶದಲ್ಲಿ ಯಾವ ಕಾನೂನೂ ಇಲ್ಲ. ಕೊಡುವ ಮನಸ್ಸು ಇದ್ದವರ ರೊಕ್ಕವೂ ಎಷ್ಟೋ ಸಲ ಬೇರೆ ಕೈಗೆ ಹೋಗಿಬಿಡುತ್ತದೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

55 ದಿನ, 75 ದಿನ

ನಮ್ಮ ಕಡೆಗೆ ಬಂದ್ ಹೊಸದಲ್ಲ. 2015ರಿಂದ ಮಹದಾಯಿ ಹೋರಾಟದಲ್ಲಿ ನವಲಗುಂದ ಎಷ್ಟು ಸಲ ಬಂದ್ ಆಗಿದೆ ಅಂತ ಕೇಳಿದರೆ ಅಂಗಡಿಕಾರರೇ ಬೆರಳು ಎಣಿಸೋದು ಬಿಟ್ಟಿದ್ದಾರೆ. ಆದರೆ ಅದು ಒಂದು ದಿನದ್ದು, ಎರಡು ದಿನದ್ದು. ಸಂಜೆಗೆ ಅರ್ಧ ಶಟರ್ ಎತ್ತಿ ಚಹಾ ಮಾರುವವರು ಇದ್ದೇ ಇರ್ತಾರೆ.

2020ರದ್ದು ಬೇರೆ. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಕರ್ನಾಟಕದಲ್ಲಿ ಕಟಿಂಗ್ ಅಂಗಡಿಗಳಿಗೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿದ್ದು ಮೇ 19ಕ್ಕೆ. ನಡುವೆ ಪೂರ್ತಿ 55 ದಿನ. ಹೋಟೆಲ್‌ಗಳಿಗೆ ಪಾರ್ಸಲ್ ಕೊಡಲು ಅವಕಾಶ ಇತ್ತು, ಕೂತು ತಿನ್ನಲು ಅನುಮತಿ ಬಂದಿದ್ದು ಜೂನ್ 8ರಿಂದ. ಪಾರ್ಸಲ್ ಕಟ್ಟಲು ಸಪ್ಲಾಯರ್ ಬೇಕಾಗಿಲ್ಲ, ಗಲ್ಲಾದ ಮೇಲೆ ಕೂತವರೇ ಕಟ್ಟಿ ಕೊಡ್ತಾರೆ. ಹಾಗಾಗಿ ಟೇಬಲ್‌ಗೆ ರೊಟ್ಟಿ ಪಲ್ಲೆ ತಂದಿಡುವ ಹುಡುಗನ ಲೆಕ್ಕದಲ್ಲಿ ಅದು 55 ಅಲ್ಲ, 75 ದಿನ. ಮತ್ತೆ ಜುಲೈ 15ರಿಂದ ಧಾರವಾಡ ಜಿಲ್ಲೆಗೆ ಪ್ರತ್ಯೇಕ ಲಾಕ್‌ಡೌನ್ ಬಂತು. ಮರುವರ್ಷ 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೇ ಬಂದ್ ಆಯಿತು. ಜೂನ್ 14ರಿಂದ ಸಡಿಲಿಕೆ ಶುರುವಾದ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಇತ್ತು, ಅದೂ ಹಂತ ಹಂತವಾಗಿ.

ಸರ್ಕಾರ ಏನೂ ಕೊಡಲಿಲ್ಲ ಅಂತಲ್ಲ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 2020ರ ಮೇ 6ರಂದು 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಸುಮಾರು 2,30,000 ಕ್ಷೌರಿಕರಿಗೆ, 60,000 ಅಗಸರಿಗೆ, ಆಟೊ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದೇ ಸಲ. ಸೇವಾಸಿಂಧುದಲ್ಲಿ ಅರ್ಜಿ ಹಾಕಬೇಕು, ದಾಖಲೆ ಹೊಂದಿಸಬೇಕು. 5,000ವನ್ನು 55 ದಿನಕ್ಕೆ ಹಂಚಿದರೆ ದಿನಕ್ಕೆ 91 ರೂಪಾಯಿ. 2021ರ ಮೇ 19ರ 1,250 ಕೋಟಿ ಪ್ಯಾಕೇಜ್‌ನಲ್ಲಿ ಕ್ಷೌರಿಕರು, ಅಗಸರು, ಟೇಲರ್‌ಗಳು, ಹಮಾಲರು, ಮೆಕ್ಯಾನಿಕ್‌ಗಳು, ಮನೆಗೆಲಸದವರು ಮುಂತಾದವರಿಗೆ 2,000 ಇತ್ತು. ಏಪ್ರಿಲ್ 28ರಿಂದ ಜೂನ್ 13ರ ತನಕ 47 ದಿನ ಅಂತ ಹಿಡಿದರೆ ದಿನಕ್ಕೆ 43 ರೂಪಾಯಿಯೂ ಆಗಲಿಲ್ಲ.

ಈ ಎರಡೂ ಪಟ್ಟಿಯಲ್ಲಿ ಹೋಟೆಲ್ ಸಪ್ಲಾಯರ್, ಪಾತ್ರೆ ತೊಳೆಯುವವರು ಅನ್ನೋ ಹೆಸರು ಇರಲಿಲ್ಲ. ಅತಿ ಹೆಚ್ಚು ದಿನ ಕೈ ಕಟ್ಟಿ ಕೂತವರೇ ಪಟ್ಟಿಯಿಂದ ಹೊರಗೆ.

ಇನ್ನು ಪಗಾರ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತ್ತು: ಲಾಕ್‌ಡೌನ್‌ನಲ್ಲಿ ಬಂದ್ ಆದ ಅಂಗಡಿ, ಕಾರ್ಖಾನೆಗಳ ಮಾಲಕರು ಕೆಲಸಗಾರರಿಗೆ ಕಡಿತ ಇಲ್ಲದೆ ಪಗಾರ ಕೊಡಬೇಕು ಅಂತ. ಆ ಆದೇಶ ಮೇ 18ರಿಂದ ರದ್ದಾಯಿತು, ಅಂದರೆ ನಮ್ಮಲ್ಲಿ ಕಟಿಂಗ್ ಅಂಗಡಿ ತೆರೆಯುವ ಹಿಂದಿನ ದಿನ. ಜೂನ್ 12ಕ್ಕೆ ಸುಪ್ರೀಂ ಕೋರ್ಟ್ ಕೂಡ ಮಾಲಕರು ಕೆಲಸಗಾರರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಅಂದಿತು. ಪಗಾರದ ಪುಸ್ತಕವೇ ಇಲ್ಲದ ಕಡೆ ಯಾವ ಮಾತುಕತೆ? ಅದಕ್ಕೇ ಆ ಆದೇಶದ ಸುದ್ದಿ ನಮ್ಮ ಬಜಾರಿನ ಎಷ್ಟೋ ಹುಡುಗರಿಗೆ ಗೊತ್ತೇ ಆಗಲಿಲ್ಲ.

ತಪ್ಪಿದ ಕಟಿಂಗ್ ತಿರುಗಿ ಬರೋದಿಲ್ಲ

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಲಾಕ್‌ಡೌನ್ ಮುಗಿದ ಮೇಲೆ ಕಟಿಂಗ್ ಅಂಗಡಿ ಮುಂದೆ ಪಾಳಿ ಹಚ್ಚಿದ್ದು ನೋಡಿ 'ಬಿಡ್ರಿ, ಎರಡು ತಿಂಗಳದ್ದು ಎರಡೇ ದಿನದಾಗ ದುಡ್ಕೋತಾರ' ಅಂದವರು ಬಹಳ ಮಂದಿ. ಅದು ತಪ್ಪು ಲೆಕ್ಕ.

ಬಟ್ಟೆ ಅಂಗಡಿ, ಮಿಕ್ಸರ್ ಫ್ರಿಡ್ಜ್ ಅಂಗಡಿಯ ವ್ಯಾಪಾರ ಮುಂದಕ್ಕೆ ಹೋಗುತ್ತದೆ. ಮೇ ತಿಂಗಳಲ್ಲಿ ತಗೊಳ್ಳದ ಫ್ರಿಡ್ಜ್ ಆಗಸ್ಟ್‌ನಲ್ಲಿ ತಗೋತಾರೆ. ಎರಡು ತಿಂಗಳು ಕಟಿಂಗ್ ಮಾಡಿಸದವನು ಬಂದಾಗ ಎರಡು ಕಟಿಂಗ್ ಮಾಡಿಸೋದಿಲ್ಲ. ತಲೆ ಒಂದೇ. ಕೂದಲು ದಪ್ಪ ಬೆಳೆದಿರುತ್ತದೆ, ಕೆಲಸ ಹೆಚ್ಚು, ರೊಕ್ಕ ಮಾತ್ರ ಒಂದರದ್ದು. ದಾಡಿಯದ್ದು ಇನ್ನೂ ಕಷ್ಟ. ವಾರಕ್ಕೆ ಎರಡು ಸಲ ಅಂಗಡಿಗೆ ಬರುತ್ತಿದ್ದವರು ಮನೆಯಲ್ಲೇ ಬ್ಲೇಡ್ ಹಿಡಿಯೋದು ಕಲಿತರು, ಕೆಲವರು ಟ್ರಿಮ್ಮರ್ ತರಿಸಿಕೊಂಡರು. ಕಲಿತವರು ಕಲಿತೇ ಬಿಟ್ಟರು. ಖಾನಾವಳಿಯದ್ದೂ ಅದೇ, ತಪ್ಪಿಸಿದ ಊಟವನ್ನು ಯಾರೂ ಆಮೇಲೆ ಬಂದು ಸೇರಿಸಿ ಉಣ್ಣೋದಿಲ್ಲ.

ಬಾಗಿಲು ತೆರೆದ ಮೇಲೆ ಖರ್ಚು ಕಡಿಮೆಯೇನೂ ಆಗಲಿಲ್ಲ. ಒಬ್ಬರಿಗೆ ಹೊದಿಸಿದ ಬಟ್ಟೆ ಇನ್ನೊಬ್ಬರಿಗೆ ಹೊದಿಸುವಂತಿಲ್ಲ, ಹತಾರ ಔಷಧಿಯಲ್ಲಿ ಅದ್ದಿ ಇಡಬೇಕು, ಒಮ್ಮೆಗೆ ಇಷ್ಟೇ ಮಂದಿ ಒಳಗೆ. ಬಾಡಿಗೆ ಮಾತ್ರ ಹಿಂದಿನಷ್ಟೇ. ದರ ಹತ್ತಿಪ್ಪತ್ತು ರೂಪಾಯಿ ಏರಿಸಿದ್ದಕ್ಕೆ ಕುರ್ಚಿಯಲ್ಲಿ ಕೂತೇ ಜಗಳ ತೆಗೆದವರನ್ನು ನಾನು ನೋಡಿದ್ದೇನೆ. ಈ ಲೆಕ್ಕ ತಿಳಿದಿದ್ದರೆ ಆ ಜಗಳ ಇರುತ್ತಿರಲಿಲ್ಲ ಅಂತ ಅನ್ನಿಸುತ್ತದೆ.

ಖುಷಿ, ಚಾಪಾನಿ, ಭಕ್ಷೀಸು, ಆಯ

ಟಿಪ್ಸ್ ಅನ್ನೋ ಶಬ್ದ ನಮ್ಮಲ್ಲಿ ಹೊಸದು. ಹುಬ್ಬಳ್ಳಿಯ ದೊಡ್ಡ ಹೋಟೆಲ್‌ಗಳಿಂದ, ಸಿನಿಮಾದಿಂದ ಬಂದದ್ದು. ನಮ್ಮ ಹಿರಿಯರು ಭಕ್ಷೀಸು ಅಂತಿದ್ದರು, ಈಗಲೂ 'ಖುಷಿ ಕೊಟ್ರು' ಅಂತಾರೆ, 'ಚಾಕ್ಕ ಇರಲಿ ತಗೋ' ಅಂತಾರೆ. ಖಾನಾವಳಿಯಲ್ಲಿ ಬಡೇಸೋಪಿನ ತಟ್ಟೆಯಲ್ಲಿ ಉಳಿದ ಚಿಲ್ಲರೆ ಬಿಟ್ಟು ಎದ್ದರೆ ಅದು ಹುಡುಗನದ್ದು ಅಂತ ಎಲ್ಲರಿಗೂ ಗೊತ್ತು. ಹೆದ್ದಾರಿ ಬದಿಯ ಹೋಟೆಲ್‌ಗಳಲ್ಲಿ ಈ ರೂಢಿ ಹೆಚ್ಚು, ಕಲಘಟಗಿ ಮೇಲೆ ಕಾರವಾರ ಕಡೆಗೆ ಹೋಗುವ ಪ್ರವಾಸಿಗರು ನಿಲ್ಲುವ ಕಡೆ ಅಂತೂ ಇದ್ದೇ ಇದೆ. ಊರೊಳಗಿನ ಅಂಗಡಿಯಲ್ಲಿ ಕಡಿಮೆ. ಯಾಕಂದರೆ ಊರೊಳಗೆ ಗಿರಾಕಿ ಅಪರಿಚಿತ ಅಲ್ಲ, ಕಾಕಾ ಮಾಮಾ ಅಂತ ಕರೆಯುವ ಸಂಬಂಧ. ಕಾಕಾನ ಕೈಗೆ ಹತ್ತು ರೂಪಾಯಿ ಟಿಪ್ಸ್ ಇಡೋದು ಹೆಂಗ?

ಇದರ ಹಿಂದೆ ಹಳೆಯ ಕಥೆ ಇದೆ. ಹಳ್ಳಿಯಲ್ಲಿ ಕ್ಷೌರ ಮಾಡುವವರಿಗೆ, ಅಗಸರಿಗೆ, ಬಡಿಗೇರರಿಗೆ, ಕಮ್ಮಾರರಿಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣದಲ್ಲೇ ಜೋಳ ಅಳೆದು ಕೊಡುವ ಪದ್ಧತಿ ಇತ್ತು. ಅದೇ ಆಯ, ಪಡೆಯುವವರು ಆಯಗಾರರು. ಮದುವೆ, ಜವಳದ ಹೊತ್ತಿಗೆ ಬಟ್ಟೆ, ಅಕ್ಕಿ, ಕಾಯಿ, ರೊಕ್ಕ ಬೇರೆ. ಅದು ದಾನ ಅಲ್ಲ, ಹಕ್ಕು. ಕಾಳು ಕಡಿಮೆ ಅಳೆದರೆ ಕೇಳುವ ಬಾಯಿ ಅವರಿಗೆ ಇತ್ತು. ಹಾಗಂತ ಆ ಪದ್ಧತಿಯನ್ನು ಹೊಗಳಿ ಪ್ರಯೋಜನವಿಲ್ಲ. ಜಾತಿಗೆ ಕಟ್ಟಿ ಹಾಕಿದ ಕೆಲಸ ಅದು, ಬಿಟ್ಟು ಹೋಗುವಂತಿರಲಿಲ್ಲ. ಆ ವೃತ್ತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಬಾಯಿಗಳು ಈಗಲೂ ನಮ್ಮ ನಡುವೆ ಇವೆ. ಟೌನಿಗೆ ಬಂದು ಕುರ್ಚಿ ಕನ್ನಡಿ ಹಾಕಿ ಬೋರ್ಡು ಬರೆಸಿದ್ದು ಅದರಿಂದ ಬಿಡಿಸಿಕೊಳ್ಳೋಕೇ.

ಆದರೆ ಲಾಕ್‌ಡೌನ್‌ನಲ್ಲಿ ಒಂದು ವಿಚಿತ್ರ ಆಯಿತು. ಹಿಂಗಾರಿ ಜೋಳ, ಕಡಲೆ ರಾಶಿ ಮುಗಿಯುವ ಹೊತ್ತಿಗೆ ಬಂದ್ ಬಂತು. ಆಯದ ಕಾಳು ಇನ್ನೂ ಬರುತ್ತಿದ್ದ ಮನೆಯಲ್ಲಿ ಒಂದಿಷ್ಟು ಜೋಳ ಇತ್ತು. ಬಾಡಿಗೆ ಅಂಗಡಿ ಹಾಕಿ ನಗದು ವ್ಯವಹಾರಕ್ಕೆ ಬಂದವರ ಹತ್ತಿರ ಖಾಲಿ ಗಲ್ಲಾ, ಕರೆಂಟ್ ಬಿಲ್. ಊರಿನ ಗಿರಾಕಿಗೆ ಆಯ ಕೊಡುವ ಹಂಗು ಇಲ್ಲ, ಟಿಪ್ಸ್ ಕೊಡುವ ರೂಢಿಯೂ ಇಲ್ಲ. ಎರಡರ ನಡುವೆ ಸಿಕ್ಕಿಬಿದ್ದವರು ಇವರು. ಬಹಳ ದಿನದ ಬಂದ್ ನಂತರ ಮೇಲೆ ಏನಾದರೂ ಕೊಡುವ ಮಾತು ಬರೋದು ಇಲ್ಲಿಂದ.

ಗಲ್ಲಾ ಬೇರೆ, ಕೈ ಬೇರೆ

ಆ 55 ದಿನದಲ್ಲಿ ನನ್ನ ತಲೆಗೆ ಮನೆಯಲ್ಲೇ ಕತ್ತರಿ ಬಿದ್ದಿತ್ತು. ಅವ್ವ ಕತ್ತರಿಸಿದ್ದನ್ನು ನೆಟ್ಟಗೆ ಮಾಡಿಸಲು ಕಟಿಂಗ್ ಅಂಗಡಿ ತೆರೆದ ವಾರದಲ್ಲೇ ಹೋಗಿ ಎರಡು ತಾಸು ಪಾಳಿ ಕಾದೆ. ಕೆಲಸ ಮುಗಿದ ಮೇಲೆ ದೊಡ್ಡ ಮನಸ್ಸು ತೋರಿಸಿ ಐವತ್ತು ರೂಪಾಯಿ ಹೆಚ್ಚು ಸ್ಕ್ಯಾನ್ ಮಾಡಿ ಬಂದೆ. ಕತ್ತರಿ ಹಿಡಿದವನಿಗೆ ಅದು ಮುಟ್ಟಿರಲಿಲ್ಲ ಅಂತ ಗೊತ್ತಾಗಿದ್ದು ಮುಂದಿನ ತಿಂಗಳು. ಗೋಡೆಗೆ ಅಂಟಿಸಿದ ಕ್ಯೂಆರ್ ಮಾಲಕರ ಖಾತೆಯದ್ದು, ನಾನು ಕೊಟ್ಟದ್ದು ದಿನದ ವ್ಯಾಪಾರದಲ್ಲಿ ಸೇರಿಹೋಗಿತ್ತು. ಮಾಲಕರು ಬೇಕಂತ ಮಾಡಿದ್ದಲ್ಲ. ಸಂಜೆ ಲೆಕ್ಕಕ್ಕೆ ಕೂತಾಗ ಯಾವುದು ಕಟಿಂಗ್, ಯಾವುದು ಖುಷಿ ಅಂತ ಫೋನ್ ಹೇಳೋದಿಲ್ಲ.

ಅಂಗಡಿಯ ಒಳಗಿನ ಹಂಚಿಕೆ ತಿಳಿದರೆ ಇದು ಅರ್ಥ ಆಗುತ್ತದೆ. ಎರಡು ಮೂರು ಕುರ್ಚಿ ಇರುವ ಕಟಿಂಗ್ ಅಂಗಡಿಗಳಲ್ಲಿ ಕೆಲಸದವರಿಗೆ ತಿಂಗಳ ಪಗಾರಕ್ಕಿಂತ ಪಾಲು ಹೆಚ್ಚು ರೂಢಿ. ಮಾಡಿದ ಕೆಲಸದಲ್ಲಿ ಅರ್ಧ ಮಾಲಕರಿಗೆ, ಅರ್ಧ ಕೆಲಸದವರಿಗೆ, ಕೆಲವು ಕಡೆ ಸ್ವಲ್ಪ ಹೆಚ್ಚು ಕಮ್ಮಿ. ಅಂಗಡಿ ಬಂದ್ ಅಂದರೆ ಪಾಲು ಸೊನ್ನೆ. ಲೆಕ್ಕಕ್ಕೆ ಹಿಡಿಯಿರಿ: ಕಟಿಂಗ್ 80 ರೂಪಾಯಿ, ಅವನ ಪಾಲು 40. ನೀವು 20 ರೂಪಾಯಿ ಅವನ ಕೈಗೇ ಕೊಟ್ಟರೆ ಆ ಒಂದು ತಲೆಯಲ್ಲಿ ಅವನ ದುಡಿಮೆ 60 ಆಯಿತು. ಅದೇ 20ನ್ನು ಕ್ಯೂಆರ್‌ಗೆ ಹಾಕಿದರೆ ಅವನಿಗೆ ಸಿಕ್ಕರೆ 10, ಇಲ್ಲದಿದ್ದರೆ ಏನೂ ಇಲ್ಲ. ನಿಮ್ಮ ಜೇಬಿನಿಂದ ಹೋಗೋದು ಎರಡರಲ್ಲೂ ಅಷ್ಟೇ.

ಹಾಗಾಗಿ ಬಿಲ್ ಬೇಕಾದರೆ ಸ್ಕ್ಯಾನ್ ಮಾಡಿ, ಖುಷಿ ಮಾತ್ರ ನಗದಾಗಿ ಕೈಗೆ ಕೊಡಿ. ನಗದು ಇಲ್ಲವಾ? 'ತಮ್ಮಾ, ನಿನ್ನ ನಂಬರ್‌ಗೆ ಹಾಕ್ಲೇನು' ಅಂತ ಕೇಳಿ, ತಪ್ಪೇನಿಲ್ಲ. ಖಾನಾವಳಿಯಲ್ಲಿ ಇನ್ನೊಂದು ಸಮಸ್ಯೆ ಇದೆ. ಟೇಬಲ್‌ಗೆ ಬರುವ ಹುಡುಗ ಕಾಣ್ತಾನೆ, ಹಿಂದೆ ರೊಟ್ಟಿ ಬಡಿಯುವ ಅಕ್ಕ, ಪಾತ್ರೆ ತೊಳೆಯುವ ಅಜ್ಜಿ ಕಾಣೋದಿಲ್ಲ. ಕೆಲವು ಕಡೆ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ಎಲ್ಲರಿಗೂ ಹಂಚ್ತಾರೆ. ಡಬ್ಬಿ ಇದ್ದರೆ ಡಬ್ಬಿಗೇ ಹಾಕೋದು ನ್ಯಾಯ.

ಒಬ್ಬರೇ ನಡೆಸುವ ಅಂಗಡಿ ಅಂದರೆ ಮಾಲಕರೂ ಅವರೇ, ಕತ್ತರಿ ಹಿಡಿಯುವವರೂ ಅವರೇ. ಅಲ್ಲಿ ಸ್ಕ್ಯಾನ್ ಮಾಡಿದರೂ ಅವರಿಗೇ ಮುಟ್ಟುತ್ತದೆ. ಆದರೆ ವಯಸ್ಸಾದವರು ಕೆಲವರು ಮೇಲೆ ಕೊಟ್ಟದ್ದನ್ನು ಇಸಿದುಕೊಳ್ಳೋದಿಲ್ಲ, ಮುಖ ಸಣ್ಣ ಮಾಡ್ತಾರೆ. ಅವರಿಗೆ ಕೊಡುವ ಬೇರೆ ದಾರಿ ಕೆಳಗಿದೆ.

ಉದ್ರಿ ಮೊದಲು, ಖುಷಿ ಆಮೇಲೆ

ನನ್ನ ಪ್ರಕಾರ ಬಹಳ ದಿನ ಬಂದ್ ಇದ್ದ ಅಂಗಡಿಗೆ ಗಿರಾಕಿ ಮಾಡಬೇಕಾದ ಮೊದಲ ಕೆಲಸ ಟಿಪ್ಸ್ ಕೊಡೋದಲ್ಲ. ಹಳೆಯ ಉದ್ರಿ ತೀರಿಸೋದು. ಚಹಾದಂಗಡಿಯ ಖಾತೆ ಪುಸ್ತಕ, ಇಸ್ತ್ರಿ ಅಂಗಡಿಯ ಚೀಟಿ, ಟೇಲರ್ ಹತ್ತಿರ ಹೊಲಿಸಿ ಅರ್ಧ ರೊಕ್ಕ ಕೊಟ್ಟು ತಂದ ಬ್ಲೌಸು, ಗ್ಯಾರೇಜಿನಲ್ಲಿ 'ಆಮ್ಯಾಲ ಕೊಡ್ತೀನಿ' ಅಂದ ಪಂಚರ್. ಬಂದ್ ಆದಾಗ ಇದೆಲ್ಲ ಅಲ್ಲೇ ನಿಂತುಹೋಗುತ್ತದೆ. ತೆರೆದ ಮೇಲೆ ಎಷ್ಟೋ ಮಂದಿ ಆ ಅಂಗಡಿ ದಾಟಿ ಬೇರೆ ಅಂಗಡಿಗೆ ಹೋಗ್ತಾರೆ, ಉದ್ರಿ ನೆನಪಿಸ್ತಾರೆ ಅನ್ನೋ ಮುಜುಗರಕ್ಕೆ. ಅಂಗಡಿಯವನಿಗೆ ಅಲ್ಲಿ ಎರಡು ಪೆಟ್ಟು: ರೊಕ್ಕವೂ ಹೋಯಿತು, ಗಿರಾಕಿಯೂ ಹೋದ. ಎರಡು ನೂರು ಉದ್ರಿ ಇಟ್ಟುಕೊಂಡು ಹತ್ತು ರೂಪಾಯಿ ಖುಷಿ ಕೊಟ್ಟರೆ ಯಾರಿಗೆ ಖುಷಿ?

ಎರಡನೆಯದು, ಮೊದಲ ತಿಂಗಳು ಚೌಕಾಶಿ ಬೇಡ. ಬೋರ್ಡಿನ ದರ ಎಷ್ಟಿದೆಯೋ ಅಷ್ಟು ಕೊಡಿ. ಮೇಲೆ ಕೊಟ್ಟದ್ದು ಇಸಿದುಕೊಳ್ಳದ ಹಿರಿಯರಿಗೆ ಇದೇ ದೊಡ್ಡದು. ಮನೆಯ ಗಂಡುಹುಡುಗರನ್ನೆಲ್ಲ ಅಲ್ಲಿಗೇ ಕರಕೊಂಡು ಹೋಗೋದು ಇನ್ನೂ ಚಲೋ. ಹೊಲ ಇದ್ದವರು ಕಡಲೆ, ಜೋಳ, ಹೆಸರು ಚೀಲದಿಂದ ಎರಡು ಸೇರು ಕೊಟ್ಟರೆ ಯಾರೂ ಬೇಡ ಅನ್ನೋದಿಲ್ಲ.

ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳ ವಿಷಯವೂ ಇಲ್ಲೇ ಸೇರಬೇಕು. ಅಣ್ಣಿಗೇರಿ, ನವಲಗುಂದದಂಥ ಊರುಗಳಲ್ಲೂ ನೌಕರಿಯವರ ಮನೆಗೆ ಬಾಂಡೆ ತಿಕ್ಕಲು ಬರುವವರಿದ್ದಾರೆ. ಲಾಕ್‌ಡೌನ್‌ನಲ್ಲಿ ಅವರು ತಾವಾಗಿ ರಜೆ ಹಾಕಲಿಲ್ಲ, ನಾವೇ ಬರಬೇಡ ಅಂದೆವು. ಅವರಿಗೆ ಟಿಪ್ಸ್ ಅನ್ನೋ ಮಾತೇ ಸರಿಯಲ್ಲ, ಆ ತಿಂಗಳುಗಳ ಪಗಾರ ಕೊಡಬೇಕಾಗಿತ್ತು. ಕೊಟ್ಟವರು ಕೊಟ್ಟರು, ಸುಮ್ಮನಾದವರು ಸುಮ್ಮನಾದರು. ಮನೆಗೆ ಪೇಂಟ್ ಹೊಡೆಸಲು, ಊರಿಗೆ ಹೋಗಲು ನೀವೇ ಬೇಡ ಅಂದು ಕೆಲಸ ನಿಲ್ಲಿಸಿದಾಗ ಈಗಲೂ ಇದೇ ನ್ಯಾಯ.

ಹಂಗಾದ್ರ ಎಷ್ಟು?

ಶೇಕಡಾ ಲೆಕ್ಕ ನಮ್ಮ ಅಂಗಡಿಗಳಿಗೆ ಹೊಂದೋದಿಲ್ಲ. ಹತ್ತು ರೂಪಾಯಿ ಚಹಾಕ್ಕೆ ಹತ್ತು ಪರ್ಸೆಂಟ್ ಅಂದರೆ ಒಂದು ರೂಪಾಯಿ, ಕೊಡಲೂ ನಾಚಿಕೆ. ಸಾಮಾನ್ಯ ದಿನದಲ್ಲಿ ಕಟಿಂಗ್‌ಗೆ 10 ಅಥವಾ 20, ಖಾನಾವಳಿಯಲ್ಲಿ ಮನೆಮಂದಿ ಕೂತು ಉಂಡರೆ 20 ಅಥವಾ 30 ಸಾಕು. ಬಹಳ ದಿನದ ಬಂದ್ ನಂತರ ಮೊದಲ ಸಲ ಹೋದಾಗ ಒಂದು ಸರಳ ಅಳತೆ ಇಟ್ಟುಕೊಳ್ಳಬಹುದು: ನೀವು ತಪ್ಪಿಸಿದ ಒಂದು ಸಲದ್ದು. ಎರಡು ಕಟಿಂಗ್ ತಪ್ಪಿದ್ದರೆ ಒಂದರ ದರ ಮೇಲೆ ಕೊಡಿ. ಅಷ್ಟು ಆಗದಿದ್ದರೆ ಅದರ ಅರ್ಧ, ಅಂದರೆ ಕೆಲಸದವನ ಪಾಲಿನಷ್ಟು. ಮೊದಲ ಸಲ ಇಷ್ಟು ಕೊಟ್ಟೆ ಅಂತ ಪ್ರತಿ ತಿಂಗಳೂ ಕೊಡುವ ಜವಾಬ್ದಾರಿ ಬರೋದಿಲ್ಲ.

ಇದು ತಿಂಗಳ ಪಗಾರ ನಿಲ್ಲದೇ ಬಂದವರಿಗೆ ಹೇಳಿದ್ದು. ಮಾಸ್ತರರು, ಬ್ಯಾಂಕಿನವರು, ಪಿಂಚಣಿದಾರರು. ಹೊಲದ ಕೂಲಿಯವರಿಗೆ, ಗೌಂಡಿ ಕೆಲಸದವರಿಗೆ ಅಲ್ಲ. 2020ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ ಇತ್ತು, ಅದೂ ಕೆಲಸ ಸಿಕ್ಕ ದಿನಕ್ಕೆ. ಅವರ ಕೈಯೂ ಖಾಲಿ ಇತ್ತು. ಬಿಲ್ ಕೊಟ್ಟು ಒಂದು ಒಳ್ಳೆಯ ಮಾತಾಡಿ ಬಂದರೆ ಅಷ್ಟೇ ಸಾಕು. ಕೊಡದವರನ್ನು ಬೇರೆ ಥರ ನೋಡುವ ಅಂಗಡಿಯವರಿಗೂ ಇದನ್ನೇ ಹೇಳೋದು.

ಅಮೆರಿಕದ ವಿಡಿಯೊ ನೋಡಿ ನಮ್ಮಲ್ಲೂ ಹಾಗೇ ಆಗಬೇಕು ಅನ್ನುವವರಿಗೆ ಒಂದು ಮಾತು. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಕೇಂದ್ರ ಕಾನೂನಿನ ಪ್ರಕಾರ ತಾಸಿಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಉಳಿದದ್ದು ಗಿರಾಕಿಯ ಟಿಪ್ಸ್‌ನಿಂದ ತುಂಬಬೇಕು. ಅಲ್ಲಿ ಟಿಪ್ಸ್ ಅಂದರೆ ಅರ್ಧ ಪಗಾರ. ನಮ್ಮಲ್ಲಿ ಟಿಪ್ಸ್ ಪಗಾರದ ಲೆಕ್ಕಕ್ಕೆ ಬರಬಾರದು, ಬಂದರೆ ಕೆಲಸದವನಿಗೇ ನಷ್ಟ.

ಬಿಲ್ಲಿನಲ್ಲೇ ಸೇರಿಸಿದರೆ?

ಹೋಟೆಲ್ ಬಿಲ್ಲಿನ ಕೆಳಗೆ 'ಸರ್ವಿಸ್ ಚಾರ್ಜ್' ಅಂತ ತಾವೇ ಸೇರಿಸಿ ಕೊಟ್ಟರೆ ಅದನ್ನು ಕೊಡಲೇಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಹೋಟೆಲ್‌ಗಳು ತಾವಾಗಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ಹಾಕುವಂತಿಲ್ಲ ಅಂತ ಹೇಳಿದೆ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ಮಾರ್ಗಸೂಚಿಯನ್ನು ಎತ್ತಿ ಹಿಡಿಯಿತು. ತೆಗೆಯಿರಿ ಅಂತ ಕೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಮ್ಮ ತಾಲೂಕು ಊರುಗಳಲ್ಲಿ ಇದು ಅಪರೂಪ, ಹುಬ್ಬಳ್ಳಿ ಧಾರವಾಡಕ್ಕೆ ಹೋದಾಗ ಕಣ್ಣಿಡಿ. ಜಿಎಸ್‌ಟಿ ಬೇರೆ, ಅದು ತೆರಿಗೆ, ಅದನ್ನು ತೆಗೆಸಲು ಬರೋದಿಲ್ಲ.

ಸೇವೆ ಸಿಗುವ ಮೊದಲೇ ಟಿಪ್ಸ್ ಕೇಳುವ ಪದ್ಧತಿಯೂ ಈಗ ಬಂದಿದೆ. ಟ್ಯಾಕ್ಸಿ ಆ್ಯಪ್ ಒಂದು ಮುಂಗಡ ಟಿಪ್ಸ್ ಕೇಳುತ್ತಿದ್ದದ್ದಕ್ಕೆ 2025ರ ಮೇ ತಿಂಗಳಲ್ಲಿ ಇದೇ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಟಿಪ್ಸ್ ಸೇವೆ ಆದ ಮೇಲೆ ಮೆಚ್ಚಿ ಕೊಡುವಂಥದ್ದು ಅಂತ ಆಗ ಹೇಳಿದ ಕೇಂದ್ರ ಗ್ರಾಹಕ ವ್ಯವಹಾರ ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರೇ.

ಸರ್ಕಾರಿ ನೌಕರರಿಗೆ ಖುಷಿ ಕೊಡುವ ರೂಢಿ ಬಗ್ಗೆ ಎರಡೇ ಮಾತು. ಆಸ್ಪತ್ರೆಯ ವಾರ್ಡ್, ಕರೆಂಟ್ ಕೆಲಸ, ಕಚೇರಿಯ ಫೈಲು, ಇಲ್ಲಿ 'ಚಾಪಾನಿ' ಅಂದರೂ ಕಾನೂನಿನ ಕಣ್ಣಿಗೆ ಅದು ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಟ್ಟವರ ಮೇಲೂ ಕೇಸು ಬೀಳಬಹುದು. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು.

ಅಂಗಡಿಯವರು ಗಮನಿಸಬೇಕಾದದ್ದು

ಟಿಪ್ಸ್ ಬರುತ್ತದಲ್ಲ ಅಂತ ಪಗಾರ ಇಳಿಸುವವರಿದ್ದಾರೆ. ಗಿರಾಕಿ ಕೆಲಸಗಾರನಿಗೆ ಕೊಡುವ ಟಿಪ್ಸ್ ಮಾಲಕ ಕೊಟ್ಟ ಪಗಾರ ಅಲ್ಲ ಅಂತ ಸುಪ್ರೀಂ ಕೋರ್ಟ್ 2016ರ ಏಪ್ರಿಲ್ 26ರಂದು ಐಟಿಸಿ ಹೋಟೆಲ್‌ಗಳ ತೆರಿಗೆ ಪ್ರಕರಣದಲ್ಲಿ ಹೇಳಿದೆ. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲಿನವರು ಹಂಚಿದ ಮಾತ್ರಕ್ಕೆ ಅದು ಪಗಾರ ಆಗೋದಿಲ್ಲ, ಅದರ ಮೇಲೆ ಮಾಲಕರು ಟಿಡಿಎಸ್ ಹಿಡಿಯಬೇಕಾಗಿಲ್ಲ ಅನ್ನೋದು ಆ ತೀರ್ಪು. ಹೋಟೆಲ್ ಕೆಲಸ ರಾಜ್ಯದ ಕನಿಷ್ಠ ವೇತನದ ಪಟ್ಟಿಯಲ್ಲಿದೆ. ಆ ವೇತನ ಕೊಟ್ಟ ಮೇಲೆ ಬಂದದ್ದು ಟಿಪ್ಸ್.

ಕ್ಯೂಆರ್ ವಿಷಯದಲ್ಲಿ ಅಂಗಡಿಯವರಿಗೂ ಲಾಭ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ನಮ್ಮ ಬಜಾರುಗಳಲ್ಲೂ 'ಕ್ಯಾಶ್ ಮಾತ್ರ' ಚೀಟಿ ಅಂಟಿದವು. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕಿಗೆ 40 ಲಕ್ಷ. ಹುಡುಗರ ಖುಷಿಯೂ ನಿಮ್ಮ ಖಾತೆಗೇ ಬಂದರೆ ಕಾಗದದಲ್ಲಿ ಅದು ನಿಮ್ಮ ವ್ಯಾಪಾರವೇ. ಪ್ರತಿ ಕುರ್ಚಿಯ ಕನ್ನಡಿ ಪಕ್ಕ ಆಯಾ ಕೆಲಸದವನ ಕ್ಯೂಆರ್ ಬೇರೆ ಅಂಟಿಸಿದರೆ ನಿಮ್ಮ ಲೆಕ್ಕವೂ ಸ್ವಚ್ಛ, ಅವನಿಗೂ ನೇರ. ಇದಕ್ಕೆ ಖರ್ಚು ಒಂದು ಪ್ರಿಂಟ್‌ನದ್ದು.

ಮುಂದಿನ ಬಂದ್‌ಗೆ ಮೊದಲು ಮಾಡಿಸಬೇಕಾದ ಕಾರ್ಡುಗಳು

2020ರಲ್ಲಿ ಪರಿಹಾರಕ್ಕೆ ಓಡಾಡಿದವರಿಗೆ ಗೊತ್ತು, ನಾನು ಈ ಕೆಲಸ ಮಾಡ್ತೀನಿ ಅಂತ ಸಾಬೀತು ಮಾಡೋದೇ ದೊಡ್ಡ ಕೆಲಸ. ಅಂಗಡಿ ಮಾಲಕರ ಹೆಸರಿಗೆ ಲೈಸೆನ್ಸ್ ಇರುತ್ತದೆ, ಎರಡನೇ ಕುರ್ಚಿಯವನ ಹತ್ತಿರ ಏನೂ ಇರೋದಿಲ್ಲ. ಆದ್ದರಿಂದ ಖುಷಿ ಕೊಡುವಾಗ 'ಕಾರ್ಡ್ ಮಾಡಿಸಿಯೇನು' ಅಂತ ಒಮ್ಮೆ ಕೇಳಿ.

ಕೇಂದ್ರದ ಇ-ಶ್ರಮ್ 2021ರ ಆಗಸ್ಟ್ 26ರಂದು ಶುರುವಾಯಿತು. 16ರಿಂದ 59 ವರ್ಷದ ಅಸಂಘಟಿತ ಕೆಲಸಗಾರರು ಯಾರು ಬೇಕಾದರೂ ಮಾಡಿಸಬಹುದು, ಪಿಎಫ್ ಇಎಸ್‌ಐ ಇರಬಾರದು. ಹೋಟೆಲ್ ಹುಡುಗರಿಗೂ ಇದು ಆಗುತ್ತದೆ, ಮುಖ್ಯವಾಗಿ ಅವರಿಗೇ ಬೇಕು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್ ಸಾಕು. ಕ್ಷೌರಿಕರು, ಅಗಸರು, ಟೇಲರ್, ಮೆಕ್ಯಾನಿಕ್, ಹಮಾಲರು, ಮನೆಗೆಲಸದವರು ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಹೆಸರು ಬರೆಸಬೇಕು. ಅದರ ಸ್ಮಾರ್ಟ್ ಕಾರ್ಡ್‌ನಲ್ಲಿ ಯಾವ ಕೆಲಸ ಅನ್ನೋದು ನಮೂದಾಗಿರುತ್ತದೆ. ಉಳಿದ ಕೆಲಸದವರು ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬಹುದು. ಸ್ವಂತ ಅಂಗಡಿ ಇರುವ ಕ್ಷೌರಿಕರು, ಅಗಸರು, ಟೇಲರ್, ಚಪ್ಪಲಿ ಹೊಲಿಯುವವರಿಗೆ 2023ರ ಸೆಪ್ಟೆಂಬರ್ 17ರಿಂದ ಪಿಎಂ ವಿಶ್ವಕರ್ಮ ಇದೆ. ಹತಾರಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದ ತನಕ ಸಾಲ, ಒಂದು ಮನೆಗೆ ಒಬ್ಬರಿಗೆ.

ಕಾರ್ಡ್ ಮಾಡಿಸಿದವರು ಮೊಬೈಲ್ ನಂಬರ್ ಬದಲಾದರೆ ಆಧಾರ್‌ನಲ್ಲಿ ತಪ್ಪದೇ ಬದಲಿಸಿಕೊಳ್ಳಿ. ಒಟಿಪಿ ಹಳೆ ಸಿಮ್ಮಿಗೆ ಹೋಯಿತು ಅಂದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.